ನಲವತ್ತು ಮೀಟರ್ ಯಾಕೆ?

"ಫಾರಿನ್‌ನಲ್ಲಿ ಓದಿ ಬಂದಿದ್ದಕ್ಕೆ ಸಂಬಳ ಎಷ್ಟು ಜಾಸ್ತಿ ಸಿಗ್ತಿದೆ?"

ಮದುವೆ ಮನೆಯಿಂದ ಹಿಡಿದು ಆಫೀಸಿನ ಕಾಫಿ ಮಷೀನ್‌ವರೆಗೆ ಎಲ್ಲ ಕಡೆ ಈ ಪ್ರಶ್ನೆ ಬರುತ್ತೆ. ನಿಜ ಹೇಳಬೇಕಂದ್ರೆ ಅಷ್ಟೇನೂ ಜಾಸ್ತಿ ಇಲ್ಲ. ನನ್ನ ಜೊತೆ ಬಿ.ಇ. ಮುಗಿಸಿ ಬೆಂಗಳೂರಲ್ಲೇ ಉಳಿದು, ಮೂರು ಕಂಪನಿ ಬದಲಾಯಿಸಿದ ಗೆಳತಿ ನನಗಿಂತ ಹೆಚ್ಚೇ ತಗೋತಾಳೆ. ಹಾಗಂತ ಹೋಗಿದ್ದು ದಂಡ ಅಂತ ನನಗೆ ಒಂದು ದಿನವೂ ಅನ್ನಿಸಿಲ್ಲ.

ನಾನು ಹೋಗಿದ್ದು 2018ರ ಅಕ್ಟೋಬರ್‌ನಲ್ಲಿ, ಜರ್ಮನಿಯ ಪೂರ್ವಭಾಗದ ಕೆಮ್ನಿಟ್ಸ್ ಊರಿನ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ. ಓದಿದ್ದು ಆಟೊಮೋಟಿವ್ ಸಾಫ್ಟ್‌ವೇರ್ ಎಂಜಿನಿಯರಿಂಗ್. ಜರ್ಮನಿಯೇ ಯಾಕೆ ಅಂದ್ರೆ ದುಡ್ಡು. ಅಪ್ಪ ಹಾಸನದಲ್ಲಿ ಹೈಸ್ಕೂಲ್ ಮೇಷ್ಟ್ರು. ಅಮೆರಿಕದ ಫೀಸು ನೋಡಿ ಲ್ಯಾಪ್‌ಟಾಪ್ ಮುಚ್ಚಿಟ್ಟಿದ್ದೆ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕ ಇಲ್ಲ. ಆದರೆ ವೀಸಾ ಬೇಕಂದ್ರೆ ಒಂದು ವರ್ಷದ ಖರ್ಚನ್ನು ಮೊದಲೇ ಬ್ಲಾಕ್ಡ್ ಅಕೌಂಟ್‌ನಲ್ಲಿ ಇಟ್ಟು ತೋರಿಸಬೇಕು. ಆಗ ಅದು 8,640 ಯೂರೊ, ಅಂದರೆ ಸುಮಾರು ಏಳು ಲಕ್ಷ ರೂಪಾಯಿ. ದುಡ್ಡು ನಮ್ಮದೇ ಆದರೂ ತಿಂಗಳಿಗೆ 720 ಯೂರೊಗಿಂತ ಹೆಚ್ಚು ತೆಗೆಯೋ ಹಾಗಿಲ್ಲ. ಅಪ್ಪ ಸೈಟಿನ ಪತ್ರ ಬ್ಯಾಂಕಿಗೆ ಕೊಟ್ಟು ಬಂದರು.

ಟಿಕೆಟ್ ಬುಕ್ ಆದ ಮೇಲೆ, ಆಗಸ್ಟ್ ಕೊನೆಯಲ್ಲಿ ಅದೇ ಕೆಮ್ನಿಟ್ಸ್ ಹೆಸರು ಟಿವಿಯಲ್ಲಿ ಬಂತು. ಒಂದು ಕೊಲೆಯ ನಂತರ ವಲಸಿಗರ ವಿರುದ್ಧ ಬಲಪಂಥೀಯರು ಬೀದಿಗಿಳಿದಿದ್ದರು. ಅಮ್ಮ ಅವತ್ತು ಊಟ ಮಾಡಲಿಲ್ಲ. ಅಪ್ಪ ಎರಡು ದಿನ ಏನೂ ಮಾತಾಡಲಿಲ್ಲ. ಮೂರನೇ ದಿನ "ನೀನೇ ಯೋಚನೆ ಮಾಡಿ ಹೇಳಮ್ಮ" ಅಂದರು. ನಾನು ಹೊರಟೆ. ಅಲ್ಲಿದ್ದಷ್ಟು ದಿನದಲ್ಲಿ ಟ್ರಾಮ್‌ನಲ್ಲಿ ಎರಡು ಸಲ ಕೆಟ್ಟ ಮಾತು ಕೇಳಿದೀನಿ, ಮುಚ್ಚಿಡಲ್ಲ. ನನಗೆ ಜ್ವರ ಬಂದಾಗ ಬಾಗಿಲಿಗೆ ಸೂಪ್ ತಂದಿಟ್ಟು ಹೋಗಿದ್ದು ಅದೇ ಊರಿನ, ಕೆಳಗಿನ ಮನೆಯ ಅಜ್ಜಿ.

ಓದಿನ ವಿಷಯಕ್ಕೆ ಬರ್ತೀನಿ. ಅಲ್ಲಿ ಲೆಕ್ಚರ್‌ಗೆ ಹಾಜರಿ ಇಲ್ಲ, ಇಂಟರ್ನಲ್ಸ್ ಇಲ್ಲ, ಮನೆಗೆ ಫೋನ್ ಮಾಡೋ ಎಚ್‌ಓಡಿ ಇಲ್ಲ. ಪರೀಕ್ಷೆಗೆ ನಾವೇ ಹೆಸರು ನೋಂದಾಯಿಸಬೇಕು. ಕಡ್ಡಾಯ ವಿಷಯವೊಂದರಲ್ಲಿ ಮೂರನೇ ಸಲವೂ ಫೇಲಾದರೆ ಆ ಕೋರ್ಸಿಂದಲೇ ಹೊರಗೆ. ಕೆಲವು ಪರೀಕ್ಷೆಗಳು ಬಾಯಿಮಾತಿನವು. ಒಂದು ಕೋಣೆ, ಪ್ರೊಫೆಸರ್, ಪಕ್ಕದಲ್ಲಿ ಬರ್ಕೊಳ್ಳೋಕೆ ಇನ್ನೊಬ್ಬರು, ಎದುರಿಗೆ ನೀವು. ಅರ್ಧ ಗಂಟೆ.

ನನ್ನ ಮೊದಲ ಮೌಖಿಕ ಪರೀಕ್ಷೆ ಕ್ಯಾನ್ ಬಸ್ ಬಗ್ಗೆ. ಕಾರಿನೊಳಗೆ ಎಂಜಿನ್, ಬ್ರೇಕ್, ಏರ್‌ಬ್ಯಾಗ್ ಹೀಗೆ ಒಂದೊಂದಕ್ಕೂ ಒಂದು ಪುಟ್ಟ ಕಂಪ್ಯೂಟರ್ ಇರುತ್ತೆ. ಅವೆಲ್ಲ ಎರಡೇ ತಂತಿಯ ಮೇಲೆ ಮಾತಾಡಿಕೊಳ್ಳೋ ವ್ಯವಸ್ಥೆ ಇದು. 1986ರಲ್ಲಿ ಬಾಷ್ ಕಂಪನಿ ಹೊರತಂದಿದ್ದು. ಸೆಕೆಂಡಿಗೆ ಹತ್ತು ಲಕ್ಷ ಬಿಟ್ ಕಳಿಸೋ ವೇಗದಲ್ಲಿ ತಂತಿ ಎಷ್ಟು ಉದ್ದ ಇರಬಹುದು ಅಂತ ಕೇಳಿದರು. "40 ಮೀಟರ್" ಅಂದೆ. ಬಿ.ಇ.ಯಲ್ಲಿ ಎರಡು ಅಂಕಕ್ಕೆ ಬಾಯಿಪಾಠ ಮಾಡಿದ್ದ ಉತ್ತರ. ಅವರು ತಲೆಯಾಡಿಸಿ, "ನಲವತ್ತು ಯಾಕೆ?" ಅಂದರು.

ಅದನ್ನು ನನ್ನನ್ನು ಯಾರೂ ಕೇಳಿರಲಿಲ್ಲ. "ಗೊತ್ತಿಲ್ಲ" ಅಂದೆ. ಪರೀಕ್ಷೆಯಲ್ಲಿ ಈ ಪದ ಬಳಸಿದ್ದು ಜೀವನದಲ್ಲಿ ಅದೇ ಮೊದಲು. ಅವರು ಬೇಜಾರು ಮಾಡಿಕೊಳ್ಳದೆ ಪೆನ್ಸಿಲ್, ಹಾಳೆ ಮುಂದಕ್ಕೆ ತಳ್ಳಿದರು. ಇಬ್ಬರು ಒಟ್ಟಿಗೆ ಮಾತು ಶುರು ಮಾಡಿದರೆ ಯಾರು ಸುಮ್ಮನಾಗಬೇಕು ಅನ್ನೋದು ಒಂದು ಬಿಟ್‌ನ ಅವಧಿಯೊಳಗೇ ತೀರ್ಮಾನ ಆಗಬೇಕು. ಆ ವೇಗದಲ್ಲಿ ಆ ಅವಧಿ 1,000 ನ್ಯಾನೊಸೆಕೆಂಡ್. ತಂತಿಯಲ್ಲಿ ಒಂದು ಮೀಟರ್ ದಾಟೋಕೆ ಸುಮಾರು 5 ನ್ಯಾನೊಸೆಕೆಂಡ್ ಬೇಕು. ಈ ತುದಿಯಿಂದ ಆ ತುದಿಗೆ ಹೋಗಿ ವಾಪಸ್ ಬರಬೇಕು, ಅಂದರೆ 40 ಮೀಟರ್‌ಗೆ 400. ನಡುವೆ ಚಿಪ್‌ಗಳು ತಗೊಳ್ಳೋ ಸಮಯ ಬೇರೆ. ಹಾಳೆಯ ಮೇಲೆ ಲೆಕ್ಕ ಕೂಡಿಬಂದಾಗ ನನಗೆ ನಗು ಬಂತು. ನಾಲ್ಕು ವರ್ಷ ಹೊತ್ತುಕೊಂಡು ತಿರುಗಿದ ನಲವತ್ತು ಅವತ್ತು ಅರ್ಥ ಆಯ್ತು.

ಹೊರಗೆ ಐದು ನಿಮಿಷ ಕಾಯಿಸಿ 1.7 ಅಂಕ ಅಂದರು. ಫೋನಲ್ಲಿ ಹೇಳಿದರೆ ಅಪ್ಪ ಗಾಬರಿಯಾಗಿ "ಹತ್ತಕ್ಕಾ?" ಅಂದರು. ಅಲ್ಲಿ 1 ಅಂದರೆ ಅತ್ಯುತ್ತಮ, 4 ಅಂದರೆ ಬರೀ ಪಾಸು ಅಂತ ಬಿಡಿಸಿ ಹೇಳೋ ಹೊತ್ತಿಗೆ ಕರೆನ್ಸಿ ಖಾಲಿ.

ನಾನು ತಂದ ಲಾಭ ಅಂದರೆ ಆ "ಯಾಕೆ". ಈಗ ಬೆಂಗಳೂರಲ್ಲಿ ಕಾರಿನ ಸಾಫ್ಟ್‌ವೇರ್ ಕೆಲಸವೇ ಮಾಡ್ತಿದೀನಿ. ಹೋದ ವರ್ಷ ಒಂದು ರಿವ್ಯೂ ಮೀಟಿಂಗ್‌ನಲ್ಲಿ, ಸೆನ್ಸರ್ 100 ಮಿಲಿಸೆಕೆಂಡ್‌ನೊಳಗೆ ಉತ್ತರಿಸದಿದ್ದರೆ ಎರರ್ ಅಂತ ಬರೆದಿತ್ತು. "ನೂರೇ ಯಾಕೆ?" ಅಂದೆ. ಯಾರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿಲ್ಲ ಅಂತ ನಾನೇ ಮೊದಲು ಹೇಳಿದೆ. ಹುಡುಕಿದರೆ, ಹಳೇ ಪ್ರಾಜೆಕ್ಟಿನ ಬೇರೆ ಸೆನ್ಸರ್‌ನ ಸಂಖ್ಯೆ ಕಾಪಿ ಆಗಿ ಬಂದಿತ್ತು.

ಇದಕ್ಕೆ ಜರ್ಮನಿಗೇ ಹೋಗಬೇಕಾ? ಇಲ್ಲೂ ಅಂಥ ಮೇಷ್ಟ್ರು ಇದ್ದಾರೆ, ನಮ್ಮಪ್ಪನೇ ಒಬ್ಬರು. ಆದರೆ ಅರವತ್ತು ಮಕ್ಕಳ ಕ್ಲಾಸಿನಲ್ಲಿ ಒಬ್ಬೊಬ್ಬರಿಗೆ ಅರ್ಧ ಗಂಟೆ ಎಲ್ಲಿಂದ ತರೋದು?

ಖರ್ಚಿನ ಪಟ್ಟಿಯಲ್ಲಿ ಒಂದಕ್ಕೆ ಮಾತ್ರ ಲೆಕ್ಕ ಇಲ್ಲ. 2020ರಲ್ಲಿ ವಿಮಾನ ನಿಂತಿದ್ದ ತಿಂಗಳಲ್ಲಿ ಅಜ್ಜಿ ತೀರಿಕೊಂಡರು. ವಾಟ್ಸಾಪ್ ವಿಡಿಯೊದಲ್ಲಿ ನೋಡಿದೆ. ತಮ್ಮ ಹಿಡಿದಿದ್ದ ಫೋನ್ ನಡುಗ್ತಿತ್ತು.

ಬ್ಯಾಂಕಿನ ಸಾಲ 2023ಕ್ಕೆ ತೀರಿತು, ಸೈಟಿನ ಪತ್ರ ಬೀರುವಿಗೆ ವಾಪಸ್ ಬಂತು. ಈಗ ಅರಸೀಕೆರೆಯ ಚಿಕ್ಕಪ್ಪನ ಮಗನ ಸರದಿ. ಯಾವುದೋ ಏಜೆಂಟ್ ಬೇರೆ ದೇಶದ ಒಂದು ವರ್ಷದ ಕೋರ್ಸಿಗೆ ನಲವತ್ತು ಲಕ್ಷ ಹೇಳಿದ್ದಾನಂತೆ, ಚಿಕ್ಕಪ್ಪ ಜಮೀನು ಮಾರೋ ಮಾತಾಡ್ತಿದ್ದರು. ನಾನು ಜರ್ಮನಿಯ ಲೆಕ್ಕ ಬರೆದುಕೊಟ್ಟೆ. ಬ್ಲಾಕ್ಡ್ ಅಕೌಂಟ್ ಈಗ 11,904 ಯೂರೊ. ಓದುವಾಗ ವರ್ಷಕ್ಕೆ 140 ಪೂರ್ತಿ ದಿನ ಕೆಲಸ ಮಾಡಬಹುದು, ಮುಗಿದ ಮೇಲೆ ಕೆಲಸ ಹುಡುಕೋಕೆ 18 ತಿಂಗಳು ಇರಬಹುದು. ಪಾಠ ಇಂಗ್ಲಿಷಿನಲ್ಲಿ ಸಿಕ್ಕರೂ ಕೆಲಸಕ್ಕೆ ಜರ್ಮನ್ ಬರಬೇಕು, ಅದನ್ನು ಇಲ್ಲಿಂದಲೇ ಶುರು ಮಾಡಲಿ ಅಂದೆ.

"ಕೆಲಸ ಗ್ಯಾರಂಟಿನೇನಮ್ಮ?" ಅಂದರು ಚಿಕ್ಕಪ್ಪ.

"ಇಲ್ಲ ಚಿಕ್ಕಪ್ಪ."

ಸ್ವಲ್ಪ ಹೊತ್ತು ಸುಮ್ಮನಿದ್ದು, ಅರ್ಜಿಗೆ ಮುಂಚೆ ಮಾಡಿಸಬೇಕಾದ ಎಪಿಎಸ್ ಸರ್ಟಿಫಿಕೇಟ್‌ಗೆ ಏನೇನು ಬೇಕು ಅಂತ ಕೇಳಿದರು. ಆಮೇಲೆ ಒಳಗಿದ್ದ ಮಗನಿಗೆ ಅಂಕಪಟ್ಟಿಯೆಲ್ಲ ತಗೊಂಡು ಬಾ ಅಂತ ಕೂಗಿದರು.