ಮುರುಗಮಲ್ಲದಲ್ಲಿ ಒಂದು ಗುರುವಾರ

ಚಿಂತಾಮಣಿಯಿಂದ ಮುರುಗಮಲ್ಲಕ್ಕೆ ಹೋಗುವ ಬಸ್ಸಿನಲ್ಲಿ ಗುರುವಾರದ ದಿನ ಕುಳಿತುಕೊಳ್ಳಲು ಸ್ಥಳ ದೊರೆಯುವುದು ಪೂರ್ವಪುಣ್ಯದ ಫಲವೆಂದೇ ಹೇಳಬೇಕು. ನನ್ನ ತಂಗಿಗೆ ಆ ಪುಣ್ಯವಿದ್ದಿತು, ನನಗಿರಲಿಲ್ಲ. ಅವಳ ಮಗ, ಮೂವತ್ತರ ಯುವಕ, ನನ್ನ ಕೈಚೀಲವನ್ನು ತಾನೇ ತೆಗೆದುಕೊಂಡು ನನ್ನ ಪಕ್ಕದಲ್ಲಿ ನಿಂತನು. ದಾರಿಯ ಇಕ್ಕೆಲಗಳಲ್ಲಿಯೂ ಹಿಪ್ಪುನೇರಳೆಯ ತೋಟಗಳು, ಟೊಮೇಟೊ ಬೆಳೆದ ಹೊಲಗಳು, ಅವುಗಳ ಹಿಂದೆ ಬೋಳುಬಂಡೆಯ ಗುಡ್ಡಗಳು. ಬಸ್ಸಿನೊಳಗಿನ ಮಾತು ಕನ್ನಡದಲ್ಲಿ ಆರಂಭವಾಗಿ ತೆಲುಗಿನಲ್ಲಿ ಬೆಳೆದು ಉರ್ದುವಿನಲ್ಲಿ ಮುಗಿಯುತ್ತಿದ್ದಿತು. ಈ ಗಡಿಸೀಮೆಯ ಜನಕ್ಕೆ ಇದೇನೂ ವಿಶೇಷವಲ್ಲ.

ಮುರುಗಮಲ್ಲವು ೨೦೦೭ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದು ಈಗ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿರುವ ಗ್ರಾಮ. ಮುಕ್ತೀಶ್ವರನ ಆಲಯವೂ ಇಲ್ಲಿ ಉಂಟು. ಆದರೆ ದೂರದೂರದ ಜನರು ಈ ಊರಿನ ಹೆಸರನ್ನು ಬಲ್ಲುದು ಅಮ್ಮಾಜಾನ್ ಬಾವಾಜಾನ್ ದರ್ಗಾದಿಂದ. ಹಿಂದೂಗಳು, ಮುಸಲ್ಮಾನರು ಎಂಬ ಭೇದವಿಲ್ಲದೆ ಇಲ್ಲಿಗೆ ಬಂದು ಸಕ್ಕರೆ ಓದಿಸಿಕೊಂಡು ಹೋಗುವರು. ಮನಸ್ಸಿನ ಸ್ಥಿಮಿತವನ್ನು ಕಳೆದುಕೊಂಡವರನ್ನು ಅವರ ಮನೆಯವರು ಕೈಹಿಡಿದು ಇಲ್ಲಿಗೆ ಕರೆತರುವರು. ನಾವು ಬಂದುದಕ್ಕೂ ಅಂಥದೇ ಒಂದು ಕಾರಣವಿದ್ದಿತು. ತಂಗಿಯು ಎಂಟು ವರ್ಷಗಳ ಹಿಂದೆ ಹೊತ್ತ ಹರಕೆಯನ್ನು ತೀರಿಸಬೇಕಾಗಿತ್ತು.

ಆಗ ಈ ಹುಡುಗನಿಗೆ ಇಪ್ಪತ್ತೆರಡು. ಯಾರೋ ತನ್ನನ್ನು ಗೋಡೆಯ ಆಚೆಯಿಂದ ಬೈಯುತ್ತಿದ್ದಾರೆಂದು ರಾತ್ರಿಯೆಲ್ಲ ನಿದ್ರೆಗೆಟ್ಟು ಕುಳಿತಿರುವನು. ತಾಯಿ ಬಡಿಸಿದ ಅನ್ನದಲ್ಲಿ ವಿಷವಿದೆಯೆನ್ನುವನು. ತಂಗಿಯು ನನ್ನನ್ನು ಕರೆಸಿ ಏನು ಮಾಡಲೆಂದು ಕೇಳಿದಳು. ನಾನು ಪ್ರೌಢಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಸಂಸ್ಕೃತವನ್ನು ಪಾಠ ಹೇಳಿದವನು, ಉತ್ತರಕ್ಕೆ ಹುಡುಕಬೇಕಾಗಿರಲಿಲ್ಲ. “ಪ್ರಾರಬ್ಧ, ಅನುಭವಿಸಿಯೇ ತೀರಬೇಕು,” ಎಂದೆನು. ಸಂಚಿತ, ಆಗಾಮಿ, ಪ್ರಾರಬ್ಧಗಳ ಭೇದವನ್ನೂ ಆ ತಾಯಿಗೆ ಅರ್ಧ ಗಂಟೆ ವಿವರಿಸಿದೆನೆಂಬುದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ನನ್ನ ಮಾತನ್ನು ನಂಬಿ ಅವಳು ಒಂದು ವರ್ಷ ಸುಮ್ಮನಿದ್ದಳು. ಅನಂತರ ನಂಬುವುದನ್ನು ಬಿಟ್ಟು, ಒಂದು ಸೋಮವಾರ ಹುಡುಗನನ್ನು ಬೆಂಗಳೂರಿನ ಮನೋವೈದ್ಯರಲ್ಲಿಗೂ, ಅದೇ ವಾರದ ಗುರುವಾರ ಮುರುಗಮಲ್ಲಕ್ಕೂ ಕರೆದುಕೊಂಡು ಹೋದಳು. ಎರಡಕ್ಕೂ ನನ್ನನ್ನು ಕೇಳಲಿಲ್ಲ.

ದರ್ಗಾದ ಅಂಗಳದಲ್ಲಿ ಲೋಬಾನದ ಹೊಗೆ ತುಂಬಿದ್ದಿತು. ಒಂದು ಕಂಬಕ್ಕೆ ಒರಗಿ ದೃಢಕಾಯನಾದ ಒಬ್ಬ ಗೃಹಸ್ಥನು ಕುಳಿತು, ಕಾಣದ ಯಾರಿಗೋ ಆಜ್ಞೆಗಳನ್ನು ಕೊಡುತ್ತಿದ್ದನು. ಅವನ ಹೆಂಡತಿಯು ಬದಿಯಲ್ಲಿ ಮಗುವಿಗೆ ಬಾಳೆಯಹಣ್ಣು ಸುಲಿದು ಕೊಡುತ್ತಿದ್ದಳು. ಬಂದವರೆಲ್ಲರೂ ಅವನನ್ನು ಒಮ್ಮೆ ನೋಡಿ, ಕೂಡಲೆ ಕಣ್ಣು ತಿರುಗಿಸುವರು. ನಾನೂ ತಿರುಗಿಸಿದೆನು. ಆಗ ಬಿ. ಎಂ. ಶ್ರೀಕಂಠಯ್ಯನವರ ‘ಅಶ್ವತ್ಥಾಮನ್’ ನೆನಪಿಗೆ ಬಂದಿತು.

ಗ್ರೀಕರ ದುರಂತ ನಾಟಕವನ್ನು ‘ರುದ್ರನಾಟಕ’ವೆಂಬ ಹೆಸರಿನಿಂದ ಕನ್ನಡಿಗರಿಗೆ ಪರಿಚಯಮಾಡಿಕೊಟ್ಟ ಹಿರಿಯರು ಅವರು. ಈಸ್ಕಿಲಸನ ನಾಟಕವೊಂದನ್ನು ‘ಪಾರಸಿಕರು’ ಎಂದು ೧೯೩೫ರಲ್ಲಿ ಭಾಷಾಂತರಿಸಿದರು. ಅದಕ್ಕೂ ಮೊದಲೇ, ೧೯೨೯ರಲ್ಲಿ, ಸೊಫೋಕ್ಲೀಸನ ‘ಏಜಾಕ್ಸ್’ ನಾಟಕದ ಎರಕದಲ್ಲಿ ನಮ್ಮ ದ್ರೋಣಪುತ್ರನನ್ನು ಹೊಯ್ದರು. ಪುರಾಣವು ಚಿರಂಜೀವಿಯೆಂದು ಹೇಳುವ ಅಶ್ವತ್ಥಾಮನು ಇವರ ನಾಟಕದಲ್ಲಿ ಆತ್ಮಹತ್ಯೆ ಮಾಡಿಕೊಳ್ಳುವನು. ಸಂಪ್ರದಾಯಸ್ಥರು ಇದನ್ನು ಆಕ್ಷೇಪಿಸಿದರು. ತರಗತಿಯಲ್ಲಿ ನಾನೂ ಆಕ್ಷೇಪಿಸಿದವನೇ.

ಮೂಲದ ಕಥೆ ಇಷ್ಟು. ಸತ್ತ ವೀರನ ಆಯುಧಗಳು ತನಗೆ ಸಲ್ಲದೆ ಒಡಿಸಿಯಸನಿಗೆ ಸಂದುವೆಂಬ ಅವಮಾನದಿಂದ ಏಜಾಕ್ಸನು ರಾತ್ರಿ ತನ್ನ ಕಡೆಯ ನಾಯಕರನ್ನೇ ಕೊಲ್ಲಲು ಹೊರಡುವನು. ಅಥೀನಾ ದೇವಿಯು ಅವನ ಬುದ್ಧಿಗೆ ಮುಸುಕು ಹಾಕಲು, ಶತ್ರುಗಳೆಂದು ಭ್ರಮಿಸಿ ಕುರಿದನಗಳನ್ನು ಕಡಿದುಹಾಕುವನು. ದೇವಿಯು ಈ ಹುಚ್ಚನ್ನು ಒಡಿಸಿಯಸನಿಗೆ ತೋರಿಸಿ, ನಿನ್ನ ಹಗೆಯನ್ನು ನೋಡಿ ನಗು ಎನ್ನುವಳು. ಅವನು ನಗುವುದಿಲ್ಲ. ತನ್ನ ಗತಿಯೂ ಇದಕ್ಕಿಂತ ಬೇರೆಯಲ್ಲವೆಂದು ಕನಿಕರಪಡುವನು. ಅಂಗಳದಲ್ಲಿ ನಾನು ಮಾಡಲಾರದೆ ಹೋದ ಕೆಲಸ ಇದೇ.

ಇಲ್ಲಿಯವರೆಗೆ ಎಲ್ಲವೂ ದೇವತೆಯ ಕೈವಾಡ. ಆದರೆ ಮುಂದೆ ಕವಿಯು ಒಂದು ಮಾತನ್ನು ಇಟ್ಟಿದ್ದಾನೆ. ಅದನ್ನು ನಾನು ಎಷ್ಟು ಸಲ ಓದಿಯೂ ಗಮನಿಸಿರಲಿಲ್ಲ. ಕಾಲ್ಕಸನೆಂಬ ದೈವಜ್ಞನು ಹೇಳಿಕಳುಹಿಸುತ್ತಾನೆ: ದೇವಿಯ ಕೋಪವು ಇದೊಂದು ದಿನ ಮಾತ್ರ, ಇಂದು ಏಜಾಕ್ಸನನ್ನು ಡೇರೆಯಿಂದ ಹೊರಗೆ ಬಿಡಬೇಡಿ, ಅವನು ಬದುಕಿಯಾನು. ದೂತನು ಬರುವಷ್ಟರಲ್ಲಿ ಅವನು ಹೊರಟುಹೋಗಿರುತ್ತಾನೆ. ವಾಚಕರು ಗಮನಿಸಬೇಕು: ಅವನು ಸಾಯುವುದು ಹುಚ್ಚಿನಲ್ಲಲ್ಲ, ಹುಚ್ಚು ಇಳಿದ ಮೇಲೆ, ತಾನು ಮಾಡಿದ್ದನ್ನು ಕಂಡ ನಾಚಿಕೆಯಲ್ಲಿ. ಹುಚ್ಚನ್ನು ದೇವತೆ ಕೊಟ್ಟಳು. ಕತ್ತಿಯನ್ನು ನೆಲದಲ್ಲಿ ನೆಟ್ಟವನು ಅವನೇ. ಈ ಎರಡರ ನಡುವೆ ಒಂದು ಹಗಲು ಇದ್ದಿತು.

ನನ್ನ ಸೋದರಳಿಯನಿಗೂ ಅಂಥ ಹಗಲುಗಳು ಬಂದುವು. ಔಷಧದಿಂದ ಆ ಧ್ವನಿಗಳು ಅಡಗಿದ ಮೇಲೆ ಅವನು ಯಾರ ಮುಖವನ್ನೂ ನೋಡಲೊಲ್ಲದೆ, ಬೀದಿಯವರೆಲ್ಲರೂ ತನ್ನ ಕೂಗಾಟವನ್ನು ಕೇಳಿದರಲ್ಲಾ ಎಂದು ಗೋಡೆಯ ಕಡೆಗೆ ತಿರುಗಿ ಮಲಗಿಬಿಟ್ಟನು. ನಾನು ಸಂತೋಷದಿಂದ, “ಇನ್ನೇನು, ಗುಣವಾಯಿತು,” ಎಂದೆನು. ವೈದ್ಯರು ತಂಗಿಗೆ ಬೇರೆಯದನ್ನೇ ಹೇಳಿದ್ದರು: ಈಗಲೇ ಎಚ್ಚರದಿಂದಿರಬೇಕು, ಒಬ್ಬನನ್ನೇ ಬಿಡಬೇಡಿ. ಅವಳು ಎರಡು ತಿಂಗಳ ಕಾಲ ಅವನ ಕೊಠಡಿಯ ಹೊಸ್ತಿಲಿಗೆ ಅಡ್ಡವಾಗಿ ಚಾಪೆ ಹಾಕಿಕೊಂಡು ಮಲಗಿದಳು. ಸೊಫೋಕ್ಲೀಸನ ಹೆಸರನ್ನು ಅವಳು ಕೇಳಿದವಳಲ್ಲ.

ಗ್ರೀಕರದು ಬರಿಯ ವಿಧಿವಾದವೆಂದು ನಮ್ಮಲ್ಲಿ ಅನೇಕರು ಹೇಳುವುದುಂಟು. ಪಿ. ಲಂಕೇಶರು ‘ದೊರೆ ಈಡಿಪಸ್’ ಎಂದು ಕನ್ನಡಕ್ಕೆ ತಂದ ನಾಟಕವೇ ಇದಕ್ಕೆ ಮುಖ್ಯ ಸಾಕ್ಷಿ. ತಂದೆಯನ್ನು ಕೊಲ್ಲುವೆಯೆಂಬ ಭವಿಷ್ಯವಾಣಿಗೆ ಹೆದರಿ ಓಡಿದ ದಾರಿಯಲ್ಲೇ ಅವನು ತಂದೆಯನ್ನು ಕೊಲ್ಲುತ್ತಾನೆ, ಇದರಲ್ಲಿ ಪುರುಷಕಾರವೆಲ್ಲಿ? ಆದರೂ ಆ ದೊರೆಯು ಕಡೆಯಲ್ಲಿ ಅಪೋಲೋ ದೇವನನ್ನೇ ತನ್ನ ಸಂಕಟಗಳಿಗೆ ಕಾರಣವೆಂದು ಹೇಳಿ, ಕಣ್ಣುಗಳನ್ನು ಇರಿದ ಕೈ ಮಾತ್ರ ತನ್ನದೆಂದು ಒಪ್ಪಿಕೊಳ್ಳುವನು. ನಾನಾದರೋ ನನ್ನ ನಾಲಗೆಯ ತಪ್ಪನ್ನೂ ಆ ಹುಡುಗನ ಪ್ರಾರಬ್ಧದ ಲೆಕ್ಕಕ್ಕೆ ಬರೆದಿದ್ದೆನು.

ಹಿಂದಿನ ದಿನ ನಾವು ಇದೇ ತಾಲ್ಲೂಕಿನ ಕೈವಾರಕ್ಕೆ ಹೋಗಿದ್ದೆವು. ಕಾಲಜ್ಞಾನವನ್ನು ಹೇಳಿದ ತಾತಯ್ಯನವರ ಊರು. ಭಾರತದ ಏಕಚಕ್ರಪುರವೂ ಇದೇ ಎಂಬುದು ಸ್ಥಳದವರ ನಂಬಿಕೆ. ಬಕನಿಗೆ ಆಹಾರವಾಗುವ ಸರದಿ ಆಶ್ರಯ ಕೊಟ್ಟ ಮನೆಗೆ ಬಂದಾಗ, ವಿಧಿಯೆಂದು ಕುಂತಿಯು ಸುಮ್ಮನಿರಬಹುದಾಗಿತ್ತು. ಅವಳು ಭೀಮನನ್ನು ಕಳುಹಿಸಿದಳು. ಯಾಜ್ಞವಲ್ಕ್ಯಸ್ಮೃತಿಯು ದೈವ ಪುರುಷಕಾರಗಳನ್ನು ರಥದ ಎರಡು ಗಾಲಿಗಳಿಗೆ ಹೋಲಿಸಿರುವುದನ್ನು ನಾನು ಎಷ್ಟೋ ಸಲ ಪಾಠ ಹೇಳಿದ್ದೇನೆ. ‘ಏಕಚಕ್ರ’ವೆಂಬ ಹೆಸರಿನ ಊರಿನಲ್ಲಿ ನಿಂತಾಗ ಆ ಹೋಲಿಕೆ ನೆನಪಾಗಿ ಒಬ್ಬನೇ ನಕ್ಕೆನು.

ನಗಲಾಗದ ಸಂಗತಿಯೂ ಒಂದುಂಟು. ತಮಿಳುನಾಡಿನ ಏರ್ವಾಡಿಯಲ್ಲಿಯೂ ಇಂಥದೊಂದು ಪ್ರಸಿದ್ಧ ದರ್ಗಾ ಇದೆ. ಆ ಊರಿನಲ್ಲಿ ಖಾಸಗಿಯವರು ನಡೆಸುತ್ತಿದ್ದ ಆಶ್ರಯದ ಗುಡಿಸಲಿಗೆ ೨೦೦೧ರ ಆಗಸ್ಟ್ ೬ರಂದು ಬೆಂಕಿ ಬಿದ್ದು ೨೮ ಮಂದಿ ಮನೋರೋಗಿಗಳು ಸತ್ತರು. ಅವರನ್ನು ಸರಪಳಿಯಿಂದ ಕಟ್ಟಿದ್ದರು. ಬೆಂಕಿಯನ್ನು ಬೇಕಾದರೆ ದೈವವೆನ್ನೋಣ. ಸರಪಳಿಗೆ ಬೀಗ ಹಾಕಿದುದು ಮನುಷ್ಯನ ಕೈ. ೨೦೧೭ರ ಮಾನಸಿಕ ಆರೋಗ್ಯದ ಕಾಯಿದೆಯು ಹಾಗೆ ಕಟ್ಟಿಹಾಕುವುದನ್ನು ನಿಷೇಧಿಸಿದೆ.

ಸಕ್ಕರೆ ಓದಿಸಿಯಾಯಿತು. ಮುಜಾವರರು ನವಿಲುಗರಿಯ ಕಟ್ಟಿನಿಂದ ಹುಡುಗನ ತಲೆಯನ್ನು ಸವರಿದರು. ನಾನು ಹಿಂದೆ ನಿಂತಿರಲು, ಕರೆದು ನನ್ನ ತಲೆಯನ್ನೂ ಸವರಿದರು. ಹೊರಗೆ ಬಂದು ಕಂಬದ ಬಳಿ ಹೋದಾಗ ಆ ಗೃಹಸ್ಥನು ಇನ್ನೂ ಆಜ್ಞೆ ಕೊಡುತ್ತಿದ್ದನು. ನನ್ನ ಸೋದರಳಿಯನು ಅವನೆದುರು ಕುಕ್ಕರಗಾಲಲ್ಲಿ ಕುಳಿತು, ಆ ಹೆಂಗಸಿನೊಡನೆ ತೆಲುಗಿನಲ್ಲಿ ಬಹಳ ಹೊತ್ತು ಮಾತನಾಡಿ, ಒಂದು ಚೀಟಿಯಲ್ಲಿ ಏನನ್ನೋ ಬರೆದುಕೊಟ್ಟನು. ತನ್ನ ವೈದ್ಯರ ವಿಳಾಸವಂತೆ.

ಬಸ್ಸಿಗೆ ಕಾಯುತ್ತಿರುವಾಗ ತಂಗಿಯನ್ನು ಕೇಳಿದೆನು: “ನಿಜ ಹೇಳಮ್ಮ, ಇವನಿಗೆ ಗುಣವಾದದ್ದು ಮಾತ್ರೆಯಿಂದಲೋ, ಇಲ್ಲಿಂದಲೋ?”

“ಗುಣವಾಯಿತು ಅಂತ ಯಾರು ಹೇಳಿದರು ಅಣ್ಣಯ್ಯ? ಇವತ್ತಿಗೆ ಚೆನ್ನಾಗಿದಾನೆ,” ಎಂದಳು.

ಅಷ್ಟರಲ್ಲಿ ಬಸ್ಸು ಬಂದಿತು. ಹುಡುಗನು ಮೊದಲು ಹತ್ತಿ ಟವೆಲ್ ಹಾಕಿ ನನಗೆ ಸ್ಥಳ ಹಿಡಿದು, “ಮಾವ, ಎಂಟು ಗಂಟೆಗೆ ನನ್ನ ಮಾತ್ರೆ ಇದೆ. ಚಿಂತಾಮಣಿಯಲ್ಲಿ ಇಳಿದು ಮೊದಲು ಊಟ ಮಾಡಿಬಿಡೋಣ,” ಎಂದನು.