ಕೊಡಗಿನಲ್ಲಿ ನೆಲ ಕೊಳ್ಳುವ ಮುನ್ನ

ನಗರದ ದುಡಿಮೆ ಸಾಕು, ಕೊಡಗಿನಲ್ಲಿ ಎರಡೆಕರೆ ತೋಟ ಮಾಡಿಕೊಂಡು ನೆಮ್ಮದಿಯಾಗಿರೋಣ ಎಂಬ ಮಾತನ್ನು ಈಚೆಗೆ ನನ್ನ ಹಳೆಯ ವಿದ್ಯಾರ್ಥಿಗಳಿಂದ ಮತ್ತೆ ಮತ್ತೆ ಕೇಳುತ್ತಿದ್ದೇನೆ. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಲು ಇದ್ದ ನಿರ್ಬಂಧವನ್ನು ರಾಜ್ಯ ಸರ್ಕಾರ 2020ರಲ್ಲಿ ತೆಗೆದ ಮೇಲೆ ಈ ಆಸೆ ಇನ್ನಷ್ಟು ಬಲಿತಿದೆ. ಒಬ್ಬನಂತೂ ಭವಿಷ್ಯನಿಧಿಯ ಹಣವನ್ನೆಲ್ಲ ಮಡಿಕೇರಿಯಾಚೆಯ ಒಂದು ಇಳಿಜಾರಿಗೆ ಸುರಿಯಲು ಸಿದ್ಧನಾಗಿ ನನ್ನ ಅಭಿಪ್ರಾಯ ಕೇಳಿದ್ದಾನೆ. ಅವನಿಗೆ ಬರೆದುದನ್ನೇ ನಿಮಗೆಲ್ಲರಿಗೂ ಹೇಳುತ್ತೇನೆ.

ಕಾಫಿ ಹೂವಿನ ದಿನಗಳಲ್ಲಿ ಕೊಡಗನ್ನು ನೋಡಿ ತೀರ್ಮಾನಿಸಬಾರದು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಕ್ಕಡ ಮಾಸದ ಮಳೆಯಲ್ಲಿ ನೋಡಬೇಕು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲಗಳ ಸುತ್ತ ಗುಡ್ಡಗಳು ಜಾರಿದವು. 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಮೂರು ವರ್ಷವೂ ಜೀವಗಳು ಮಣ್ಣಿನಡಿ ಸೇರಿದವು.

ಮಳೆಯೊಂದೇ ಇದಕ್ಕೆ ಕಾರಣವಲ್ಲ. ದಿನಗಟ್ಟಲೆ ನೀರು ಕುಡಿದ ಮಣ್ಣು ಭಾರವಾಗುತ್ತದೆ, ಅದರ ಹಿಡಿತ ಸಡಿಲವಾಗುತ್ತದೆ. ಮನೆಗೋ ರಸ್ತೆಗೋ ಗುಡ್ಡದ ಬುಡವನ್ನು ನೆಟ್ಟಗೆ ಕಡಿದಿದ್ದರೆ ಆಸರೆಯೂ ಇಲ್ಲದಂತಾಗುತ್ತದೆ. ಆದ್ದರಿಂದ ಮೊದಲು ಮನೆಯ ಹಿಂದಿನ ಬರೆಯನ್ನು ನೋಡಿ. ಮೇಲಿನ ನೆಲದಲ್ಲಿ ಬಿರುಕುಗಳಿವೆಯೇ, ಮರಗಳು ವಾಲಿವೆಯೇ, ತಿಳಿಯಾಗಿದ್ದ ಒರತೆ ಏಕಾಏಕಿ ಕೆಂಪಾಗಿ ಹರಿದದ್ದುಂಟೇ ಎಂದು ವಿಚಾರಿಸಿ. ಕೊಡವರ ಹಳೆಯ ಐನ್‌ಮನೆಗಳು ಸಾಮಾನ್ಯವಾಗಿ ಗದ್ದೆಯಂಚಿನ ಎತ್ತರದ ನೆಲದಲ್ಲಿರುವುದನ್ನು ಗಮನಿಸಿ. ಈಗಿನವರು ನೋಟಕ್ಕಾಗಿ ಕಡಿದಾದ ಇಳಿಜಾರನ್ನೂ, ನೀರಿಗಾಗಿ ತೊರೆಯ ದಡವನ್ನೂ ಆರಿಸುತ್ತಾರೆ.

ಪಹಣಿಯನ್ನು ತಿಳಿದ ವಕೀಲರಿಂದ ಓದಿಸಿ. ಜಮ್ಮಾ ಭೂಮಿಯಾದರೆ ಪಟ್ಟೇದಾರನೊಬ್ಬನ ಸಹಿ ಸಾಲದು, ಇಡೀ ಒಕ್ಕದ ಹಕ್ಕು ಅದರಲ್ಲಿರಬಹುದು. ಆನೆಗಳು ಓಡಾಡುವ ದಾರಿಯನ್ನು ಕೇಳಿ ತಿಳಿಯಿರಿ. ಮರ ಬಿದ್ದು ರಸ್ತೆ ಮುಚ್ಚಿದರೆ ಆಸ್ಪತ್ರೆಗೆ ಬೇರೆ ದಾರಿಯಿದೆಯೇ? ನಾಲ್ಕು ದಿನ ವಿದ್ಯುತ್ತಿಲ್ಲದಿದ್ದರೆ ಬಾವಿಯಿಂದ ಕೈಯಲ್ಲೇ ನೀರು ಸೇದಬಹುದೇ? ಅಕ್ಕಿ, ಒಣಸೌದೆ, ಔಷಧಿಗಳನ್ನು ಮಳೆಗೆ ಮೊದಲೇ ಕೂಡಿಡುವುದು ಅಲ್ಲಿನವರಿಗೆ ಹಳೆಯ ರೂಢಿ.

ಈ ಪ್ರಶ್ನೆಗಳಿಗೆ ದಲ್ಲಾಳಿಯ ಉತ್ತರ ಸಾಲದು. ಒಂದು ಮಳೆಗಾಲವಿಡೀ ಅಲ್ಲಿಯೇ ಬಾಡಿಗೆಗಿದ್ದು ನೋಡಿ. ನೆರೆಯವರ ಪರಿಚಯವೂ ಆಗುತ್ತದೆ. ಅಪರಾತ್ರಿಯಲ್ಲಿ ಬರೆ ಕುಸಿದಾಗ ಮೊದಲು ಟಾರ್ಚು ಹಿಡಿದು ಓಡಿ ಬರುವವರು ಅವರೇ.