ಎದಿ ನಡುಗಿಸೋದಲ್ಲ, ಆಯಿಗೆ ಮಾತು ಕೇಳ್ಬೇಕು

ಹೋದ ವಾರ ನಮ್ಮ ಮನ್ಯಾಗಿನ ಟಿವಿ ಮಗ್ಗಲಿಗೆ ಇಟ್ಟ ಎರಡು ಕರಿ ಡಬ್ಬಿಗಳ ಫೋಟೋ ಹಾಕಿದ್ದೆ. ಅವತ್ತಿಂದ ಮೆಸೇಜ್ ಬಾಕ್ಸ್ ತುಂಬಿ ಹೋಗ್ಯಾದ. ಆಳಂದದವ್ರು ಕೇಳಿದ್ದು, "ಹೋಂ ಥಿಯೇಟರ್ ಅಂದ್ರ ಎರಡೇ ಏನು? ವೂಫರ್ ಎಲ್ಲಿ?" ಅಫಜಲಪುರದವ್ರು ಕೇಳಿದ್ದು ರೇಟು. ನಮ್ಮ ಜೇವರ್ಗಿ ಹುಡುಗ್ರು ಏನೂ ಕೇಳಿಲ್ಲ, ಸೀದಾ ನಕ್ಕಾರ. ಮೂರೂ ತಾಲೂಕಿನವರಿಗೆ ಕೂಡಿಸಿ ಇವತ್ತು ಉತ್ತರ ಬರೀತೀನಿ. ಉದ್ದ ಅದ, ಪುರುಸೊತ್ತಿನಿಂದ ಓದ್ರಿ.

ಮೊದಲು ಲೆಕ್ಕ. ಬಜೆಟ್ 15,000 ರೂಪಾಯಿ. ತೊಗರಿ ಮಾರಿದ ದುಡ್ಡಿನಲ್ಲಿ ಅಪ್ಪ ಎತ್ತಿಟ್ಟಿದ್ದು. ಅವರದು ಒಂದೇ ಷರತ್ತು: "ಏನರೆ ತಗೊಂಡು ಬರ್ರಿ, ನಿಮ್ಮ ಆಯಿಗೆ ಉಪಯೋಗ ಆಗ್ಬೇಕು."

ಯಾಕಂದ್ರ ಒಂದು ವರ್ಷದಿಂದ ಆಯಿ ಟಿವಿ ಮುಂದೆ ಕೂಡೋದು ಕಡಿಮೆ ಮಾಡಿದ್ದಳು. ಧಾರಾವಾಹಿ ನಡೆದಾಗ "ಏನಂದಾ?" ಅಂತ ಒಂದು ಸಲ ಕೇಳ್ತಾಳ, ಎರಡು ಸಲ ಕೇಳ್ತಾಳ. ಮೂರನೇ ಸಲ ಕೇಳಂಗಿಲ್ಲ. ಸುಮ್ಮನೆ ಎದ್ದು ಹೊರಗ ಕಟ್ಟಿ ಮ್ಯಾಲ ಹೋಗಿ ಕುಂಡ್ರತಾಳ. ವಾಲ್ಯೂಮ್ ಎಷ್ಟು ಏರಿಸಿದರೂ ಅವಳು ಹೇಳೋದು ಒಂದೇ ಮಾತು: "ಸಪ್ಪಳ ಬರ್ತದ ಯಪ್ಪಾ, ಮಾತು ಬರಂಗಿಲ್ಲ."

ಈ ಮಾತು ಕೇಳಲಿಕ್ಕೆ ಸಾದಾ ಅನಿಸಿದರೂ, ಸ್ಪೀಕರ್ ಆರಿಸೋ ಇಡೀ ವಿದ್ಯೆ ಇದರೊಳಗೇ ಅದ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ತೀಕ್ಷ್ಣ ಸ್ವರಗಳನ್ನು, ಅಂದರೆ ಹೆಚ್ಚು ಹರ್ಟ್ಜ್‌ನ ದನಿಗಳನ್ನು. ನಮ್ಮ ಆ, ಈ, ಊ ಸ್ವರಗಳ ಬಲ ಹೆಚ್ಚಾಗಿ ಕೆಳಗಿನ ಹರ್ಟ್ಜ್‌ನಲ್ಲಿ ಇರ್ತದ. ಸ, ಶ, ಚ, ತ ತರಹದ ವ್ಯಂಜನಗಳ ಗುರುತು ಸಿಗುವುದು ಬಹುಪಾಲು 2,000 ಹರ್ಟ್ಜ್‌ನ ಮೇಲೆ. ಸಾಲು, ಕಾಲು, ಪಾಲು, ಹಾಲು, ಈ ನಾಲ್ಕನ್ನೂ ಮೊದಲಕ್ಷರದ ವ್ಯಂಜನ ತೆಗೆದು ಓದಿ ನೋಡ್ರಿ. ನಾಲ್ಕೂ "ಆಲು" ಆಗ್ತಾವ. ಆಯಿಗೆ ಕೇಳ್ತಿದ್ದದ್ದು ಅದೇ. ದನಿ ಬರ್ತಿತ್ತು, ಅರ್ಥ ಬರ್ತಿರಲಿಲ್ಲ.

ಇನ್ನೊಂದು ಸಂಗತಿ. ಜೋರಾದ ಕೆಳಸ್ವರ ತನ್ನ ಮೇಲಿನ ಸಣ್ಣ ಸ್ವರಗಳನ್ನು ಮುಚ್ಚಿ ಹಾಕ್ತದ. ಡಿಜೆ ಗಾಡಿ ಮುಂದ ನಿಂತು ದೋಸ್ತನ ಮಾತು ಕೇಳಲು ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಅಂದರೆ ಮಾತು ಕೇಳದ ಮನೆಗೆ ದೊಡ್ಡ ವೂಫರ್ ತಂದರೆ ಮಾತು ಇನ್ನಷ್ಟು ಕಡಿಮೆ ಕೇಳ್ತದ. ದುಡ್ಡು ಕೊಟ್ಟು ನಷ್ಟ ತಂದಂಗ.

ಖರ್ಚು ಮಾಡೋಕಿಂತ ಮೊದಲು ಪುಕಟ್ಟೆ ಆಗೋ ಕೆಲಸ ಮಾಡ್ರಿ. ಟಿವಿಯ ಸೌಂಡ್ ಸೆಟ್ಟಿಂಗ್‌ಗೆ ಹೋಗಿ ಕ್ಲಿಯರ್ ವಾಯ್ಸ್ ಅಥವಾ ಸ್ಪೀಚ್ ಮೋಡ್ ಇದ್ದರೆ ಆನ್ ಮಾಡ್ರಿ, ಬೇಸ್ ಇಳಿಸ್ರಿ. ನೈಟ್ ಮೋಡ್ ಅಂತ ಇದ್ದರೆ ಅದು ಸಿನಿಮಾದ ಜೋರು ಸದ್ದು ಮತ್ತು ಮೆಲ್ಲಗಿನ ಮಾತಿನ ನಡುವಿನ ಅಂತರ ಕಡಿಮೆ ಮಾಡ್ತದ. ಕೆಲವು ಮನೆಗೆ ಇಷ್ಟೇ ಸಾಕು. ನಮಗೆ ಸಾಕಾಗಲಿಲ್ಲ. ತೆಳ್ಳಗಿನ ಟಿವಿಯ ಸ್ಪೀಕರ್ ಸಾಮಾನ್ಯವಾಗಿ ಕೆಳಕ್ಕೋ ಗೋಡೆಗೋ ಮುಖ ಮಾಡಿರ್ತಾವ. ನಾವು ಕೂತದ್ದು ಎದುರಿಗೆ.

ಈಗ ಅಂಗಡಿ ಸುದ್ದಿ. ತಮ್ಮನ ಕಣ್ಣು 5.1 ಸೆಟ್ ಮ್ಯಾಲ. 5 ಅಂದರೆ ಎಡ, ಬಲ, ನಡು, ಮತ್ತೆ ಹಿಂದಿನ ಎರಡು. ಆ .1 ಅಂದರೆ ವೂಫರ್. ಸಿನಿಮಾದ ಮಾತು ಬಹುಪಾಲು ನಡುವಿನ ಚಾನೆಲ್‌ನಲ್ಲೇ ಇರ್ತದ, ಹಂಗಾಗಿ ಒಳ್ಳೆ 5.1 ಒಳ್ಳೇದೇ. ಆದ್ರ ಬಿಕಾಂ ಓದೋರು ಭಾಗಾಕಾರ ಮರೀಬಾರದು. 11,500 ರೂಪಾಯಿಯನ್ನ ಆರು ಡಬ್ಬಿಗೆ ಹಂಚಿದರೆ ಒಂದಕ್ಕೆ 1,900 ಚಿಲ್ಲರೆ. ಅದರೊಳಗೇ ಆಂಪ್ಲಿಫೈಯರ್, ರಿಮೋಟ್, ಮಿಂಚೋ ಲೈಟು, ಅಂಗಡಿಯವನ ಲಾಭ ಎಲ್ಲಾ ಬರ್ಬೇಕು. ಅದೇ ದುಡ್ಡನ್ನ ಎರಡೇ ಡಬ್ಬಿಗೆ ಹಾಕಿದರೆ ಒಂದಕ್ಕೆ 5,750. ಮಾತು ಹೇಳೋ ಡಬ್ಬಿಗೆ ಮೂರು ಪಟ್ಟು ಬಂಡವಾಳ.

ಮತ್ತೊಂದು ಹೇಳ್ತೀನಿ. ಅಗ್ಗದ 5.1 ಸೆಟ್‌ನ ಹಿಂದೆ ತಿರುಗಿಸಿ ನೋಡ್ರಿ. ಇನ್‌ಪುಟ್ ಅಂತ ಕೆಂಪು-ಬಿಳಿ ಎರಡೇ ಪಿನ್ ಇದ್ದು ಒಳಗೆ ಡಿಕೋಡರ್ ಇಲ್ಲದಿದ್ದರೆ, ಟಿವಿಯಿಂದ ಬರೋದು ಎರಡು ಚಾನೆಲ್ಲೇ. ಅದನ್ನೇ ಆರು ಡಬ್ಬಿಗೆ ಹಂಚಿ ಬಡಿಸ್ತದ. ಎರಡು ರೊಟ್ಟಿಯನ್ನ ಆರು ತಾಟಿಗೆ ಹಾಕಿದ್ರ ರೊಟ್ಟಿ ಆರು ಆಗಂಗಿಲ್ಲ.

ಇನ್ನ ವ್ಯಾಟ್. ಬಾಕ್ಸ್ ಮ್ಯಾಲ 5,000 ವ್ಯಾಟ್, 10,000 ವ್ಯಾಟ್ ಅಂತ ದಪ್ಪಕ್ಷರದಾಗ ಇರ್ತದ, ಪಕ್ಕದಾಗ ಸಣ್ಣಗೆ ಪಿಎಂಪಿಒ. ಅದಕ್ಕೆ ಎಲ್ಲರೂ ಒಪ್ಪಿದ ಅಳತೆ ಇಲ್ಲ. ನೋಡಬೇಕಾದ್ದು ಆರ್‌ಎಂಎಸ್ ವ್ಯಾಟ್. ಅದೂ ನಂಬಿಕೆ ಬರದಿದ್ದರೆ ಡಬ್ಬಿಯ ಹಿಂದಿನ ಪಟ್ಟಿ ಓದ್ರಿ, ಕರೆಂಟ್ ಎಷ್ಟು ತಿಂತದ ಅಂತ ಬರೆದಿರ್ತದ. ಅಲ್ಲಿ 60 ವ್ಯಾಟ್ ಇದ್ದರೆ ಸತತವಾಗಿ 60ಕ್ಕಿಂತ ಹೆಚ್ಚು ಹೊರಗೆ ಕೊಡಲಿಕ್ಕೆ ಸಾಧ್ಯವೇ ಇಲ್ಲ. ಜಮಾ ಇಲ್ಲದೆ ಖರ್ಚು ಇಲ್ಲ, ಡಬಲ್ ಎಂಟ್ರಿ ಕಲಿತ ನಮಗೆ ಇದು ಮೊದಲು ಹೊಳೀಬೇಕು.

ಹಳೇ ಆಂಪ್ಲಿಫೈಯರ್ ಇದ್ದು ಬರೀ ಸ್ಪೀಕರ್ ತಗೊಳ್ಳೋರು ಸೆನ್ಸಿಟಿವಿಟಿ ನೋಡ್ರಿ. 84 ಡೆಸಿಬಲ್ ಸ್ಪೀಕರ್ ಎಷ್ಟು ಸದ್ದು ಮಾಡ್ತದೋ, ಅಷ್ಟೇ ಸದ್ದನ್ನ 87ರ ಸ್ಪೀಕರ್ ಅರ್ಧ ವ್ಯಾಟ್‌ನಲ್ಲಿ ಮಾಡ್ತದ. 3 ಡೆಸಿಬಲ್ ಹೆಚ್ಚು ಅಂದರೆ ಅರ್ಧದಷ್ಟು ವ್ಯಾಟ್ ಉಳಿತಾಯ.

ಅಂಗಡಿಯಲ್ಲಿ ಪರೀಕ್ಷೆ ಹೆಂಗ? ಕಲಬುರಗಿ ಸುಪರ್ ಮಾರ್ಕೆಟ್ ಕಡೆ ಎರಡು ಮೂರು ಅಂಗಡಿ ಸುತ್ತಿದೆವು. ಎಲ್ಲಾ ಕಡೆ ಹಚ್ಚಿ ತೋರಿಸೋದು ಧಡ್ ಧಡ್ ಅನ್ನೋ ಹಾಡು. ಅದರಾಗ ಯಾವ ಸ್ಪೀಕರ್ರೂ ಚಂದಾನೇ ಅನಿಸ್ತದ. ನಾನು ಫೋನಿನಲ್ಲಿ ಒಂದು ಪ್ರವಚನ ಒಯ್ದಿದ್ದೆ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ 2023ರ ಜನವರಿಯಲ್ಲಿ ನಮ್ಮನ್ನಗಲಿದರು, ಆದರೆ ಅವರ ಪ್ರವಚನ ಯೂಟ್ಯೂಬಿನಲ್ಲಿ ಅವ, ಆಯಿಗೆ ಪ್ರಾಣ. ಅವರದು ಎತ್ತರಿಸದ ದನಿ, ಮೆಲ್ಲಗೆ ಹರಿಯೋ ಮಾತು. ಆ ಮಾತನ್ನ ಕಡಿಮೆ ವಾಲ್ಯೂಮ್‌ನಲ್ಲಿ ಹತ್ತು ಅಡಿ ದೂರಕ್ಕೆ ಅಕ್ಷರ ಅಕ್ಷರವಾಗಿ ಮುಟ್ಟಿಸೋ ಸ್ಪೀಕರ್ ನಮಗೆ ಬೇಕಾದ ಸ್ಪೀಕರ್. ಆಮೇಲೆ ತಮ್ಮನ ಸಮಾಧಾನಕ್ಕೆ 'ಕಾಂತಾರ'ದ ಕ್ಲೈಮ್ಯಾಕ್ಸ್. ಎರಡು ಸ್ಪೀಕರ್ ಹೋಲಿಸುವಾಗ ವಾಲ್ಯೂಮ್ ಸಮ ಇಟ್ಕೊಳ್ರಿ. ಸ್ವಲ್ಪ ಜೋರಿದ್ದದ್ದೇ ಕಿವಿಗೆ ಚಲೋ ಅನಿಸ್ತದ, ಅದು ಎಲ್ಲರ ಕಿವಿ ಸ್ವಭಾವ.

ಕೊನೆಗೆ ತಂದದ್ದು ಒಳಗೇ ಆಂಪ್ಲಿಫೈಯರ್ ಇರೋ ಎರಡು ಬುಕ್‌ಶೆಲ್ಫ್ ಸ್ಪೀಕರ್, 11,500. ಹಿಂದೆ ಸಬ್ ಔಟ್ ಅಂತ ಒಂದು ತೂತು ಅದ, ಮುಂದೆ ವೂಫರ್ ಬೇಕಾದರೆ ಕೂಡಿಸಬಹುದು. ಆಪ್ಟಿಕಲ್ ಕೇಬಲ್ 350, ಸ್ಪೈಕ್ ಗಾರ್ಡ್ 450, ಯಾಕಂದ್ರ ನಮ್ಮೂರ ಕರೆಂಟ್ ನಿಮಗೆ ಗೊತ್ತೇ ಅದ. ಒಟ್ಟು 12,300. ಪಕ್ಕಾ ಬಿಲ್ಲು, ವಾರಂಟಿ ಸಹಿತ.

ಬ್ಲೂಟೂತ್ ಇದ್ದರೂ ಟಿವಿಗೆ ವೈರೇ ಹಾಕ್ರಿ. ಬ್ಲೂಟೂತ್‌ನಲ್ಲಿ ಮಾತು ಒಂಚೂರು ತಡವಾಗಿ ಬರಬಹುದು. ಕಿವಿ ಮಂದ ಆದವರು ಗೊತ್ತಿಲ್ಲದೇನೇ ತುಟಿ ನೋಡಿ ಮಾತು ಹಿಡೀತಾರ. ತುಟಿ ಒಂದು ಕಡೆ, ಮಾತು ಒಂದು ಕಡೆ ಆದರೆ ಅವರ ಅರ್ಧ ಆಸರೆ ಹೋಯ್ತು. ಟಿವಿಯ ಆಡಿಯೋ ಔಟ್‌ಪುಟ್ ಪಿಸಿಎಂ ಮಾಡಿ ಇಡ್ರಿ. ಆಗ ನಡುವಿನ ಚಾನೆಲ್‌ನ ಮಾತು ಎರಡೂ ಸ್ಪೀಕರ್‌ಗೆ ಸಮನಾಗಿ ಹಂಚಿ ಬರ್ತದ, ನಟ್ಟನಡುವೆ ಕೂತವರಿಗೆ ಟಿವಿ ಒಳಗಿಂದಲೇ ಬಂದಂಗ ಕೇಳ್ತದ.

ಸ್ಪೀಕರ್ ತಂದ ಮೇಲೂ ಅರ್ಧ ಕೆಲಸ ಬಾಕಿ, ಅದು ಖೋಲಿದು. ನಮ್ಮ ಕಡೆ ನೆಲಕ್ಕೆ ಶಹಾಬಾದ್ ಕಲ್ಲು, ಹಳೇ ಮನೆಯಾದರೆ ಗೋಡೆಯೂ ಕಲ್ಲು. ಬ್ಯಾಸಗಿಗೆ ತಂಪು, ಆದ್ರ ಸದ್ದಿಗೆ ಕನ್ನಡಿ ಇದ್ದಂಗ. ಮಾತು ಬಡಿದು ಬಡಿದು ವಾಪಸ್ ಬಂದು, ಹಿಂದಿನ ಅಕ್ಷರದ ಬಾಲ ಮುಂದಿನ ಅಕ್ಷರದ ಮ್ಯಾಲ ಬೀಳ್ತದ. ನಡುವೆ ನಿಂತು ಒಂದು ಚಪ್ಪಾಳೆ ಹೊಡೀರಿ, ಠಣ್ ಅಂತ ಬಾಲ ಕೇಳಿದರೆ ಖೋಲಿಗೆ ಬಟ್ಟೆ ಬೇಕು ಅಂತ ಅರ್ಥ. ತೊಗರಿ ಚೀಲ ಒಟ್ಟಿದಾಗ ಇದೇ ಖೋಲಿ ಎಷ್ಟು ಮೆತ್ತಗೆ ಇರ್ತದ, ಚೀಲ ಮಾರಿದ ದಿನ ಹೆಂಗ ಗುಂಯ್ ಅಂತದ, ಯೋಚನೆ ಮಾಡ್ರಿ. ನಾವು ಎದುರಿನ ಗೋಡೆಗೆ ಆಯಿ ಹೊಲಿದ ಎರಡು ಕೌದಿ ತೂಗು ಹಾಕಿದೆವು, ನೆಲಕ್ಕೆ ಜಮಖಾನ ಹಾಸಿದೆವು. ಖರ್ಚು ಸೊನ್ನೆ. ಅವ್ವ ಮೊದಲು ಬೈದಳು, ಈಗ ಬಂದವರಿಗೆ ತಾನೇ ತೋರಿಸ್ತಾಳ.

ಇಡೋ ಎತ್ತರಾನೂ ಮುಖ್ಯ. ತೀಕ್ಷ್ಣ ಸ್ವರದ ಸಣ್ಣ ಸ್ಪೀಕರ್, ಅಂದರೆ ಟ್ವೀಟರ್, ಕಿವಿ ಮಟ್ಟಕ್ಕೆ ಇರಬೇಕು. ಯೂಟ್ಯೂಬಿನವರು ಹೇಳೋದು ಸೋಫಾ ಲೆಕ್ಕ. ಆಯಿ ಕೂಡೋದು ನೆಲದ ಮ್ಯಾಲ, ಅವಳ ಕಿವಿ ಸುಮಾರು ಎರಡೂವರೆ ಅಡಿ. ಹಂಗಾಗಿ ಮನಿ ಹಿಂದ ಬಿದ್ದಿದ್ದ ಕಲ್ಲಿನ ತುಂಡು ಜೋಡಿಸಿ ಗಿಡ್ಡ ಸ್ಟ್ಯಾಂಡ್ ಮಾಡಿದೆವು. ಸ್ಪೀಕರ್ ನಡುವೆ ಆರು ಅಡಿ, ಆಯಿಗೂ ಪ್ರತಿ ಸ್ಪೀಕರ್‌ಗೂ ಆರೇಳು ಅಡಿ, ಎರಡರದೂ ಮುಖ ಅವಳ ಕಡೆ.

ಎಲ್ಲರಿಗೂ ಇದೇ ಸರಿ ಅಂತ ನಾ ಹೇಳಂಗಿಲ್ಲ. ಎಂಟು ಹತ್ತು ಮಂದಿ ಅಗಲಕ್ಕೆ ಕೂಡೋ ಮನೆಯಾದರೆ, ಅಂಚಿಗೆ ಕೂತವರಿಗೆ ಮಾತು ಹತ್ತಿರದ ಸ್ಪೀಕರ್‌ನಿಂದಲೇ ಬಂದಂಗ ಅನಿಸ್ತದ. ಅವರಿಗೆ ನಡುವೆ ಪ್ರತ್ಯೇಕ ಸ್ಪೀಕರ್ ಇರೋ 3.1 ಸೌಂಡ್‌ಬಾರ್ ಚಲೋ. ಜಾಗ ಇಲ್ಲದವರಿಗೂ ಅದೇ. ಆದ್ರ ನಿಮ್ಮ ಮನ್ಯಾಗ ಕಿವಿ ಯಾರದು ಎಲ್ಲಕ್ಕಿಂತ ಮಂದ ಅದನೋ ಅವರನ್ನ ಮನಸ್ಸಿನಾಗ ಇಟ್ಕೊಂಡು ಆರಿಸ್ರಿ. ಅವರಿಗೆ ಕೇಳಿದ್ದು ಎಲ್ಲರಿಗೂ ಕೇಳ್ತದ.

ಈಗ ಆಯಿ? ಧಾರಾವಾಹಿ ಹೊತ್ತಿಗೆ ಮೊದಲು ಬಂದು ಜಾಗ ಹಿಡೀತಾಳ. "ಏನಂದಾ?" ಪೂರ್ತಿ ನಿಂತಿಲ್ಲ, ಕಡಿಮೆ ಆಗ್ಯಾದ. ಮೊನ್ನೆ ಧಾರಾವಾಹಿಯ ಅತ್ತಿ ಏನೋ ಅಂದದ್ದಕ್ಕೆ ನಮಗಿಂತ ಮೊದಲು ಅವಳೇ ಬೈದಳು. ಸ್ಪೀಕರ್ ಕಿವಿಗೆ ಔಷಧ ಅಲ್ಲ, ಅದು ನನಗೂ ಗೊತ್ತದ. ಉಳಿದದ್ದು 2,700 ರೂಪಾಯಿ. ತಮ್ಮ ಅಂತಾನ, ಇನ್ನೊಂದಿಷ್ಟು ಕೂಡಿಸಿ ವೂಫರ್ ತರೋಣು. ನಾ ಅಂತೀನಿ, ಅದು ಕಿವಿ ಡಾಕ್ಟರ್ ಹತ್ರ ಆಯಿಯ ತಪಾಸಣೆಗೆ. ಅಪ್ಪ ಇನ್ನ ಯಾರ ಪರವಾಗೂ ಮಾತಾಡಿಲ್ಲ, ಆದ್ರ ಸೋಮವಾರ ಕಲಬುರಗಿಗೆ ಹೋಗೋ ಬಸ್ಸು ಎಷ್ಟು ಗಂಟೆಗೆ ಅಂತ ನಿನ್ನೆ ಕೇಳ್ಯಾರ.

ಸೇವ್ ಮಾಡಿ ಇಟ್ಕೊಳ್ರಿ. ನಿಮ್ಮ ಖೋಲಿ ಅಳತೆ, ಬಜೆಟ್, ಯಾರಿಗಾಗಿ ತರ್ತೀರಿ, ಮೂರೂ ಬರೆದು ಕೇಳ್ರಿ. ಮೂರನೇದು ಬರೀದೇ ಕೇಳಿದರೆ ಉತ್ತರ ಸಿಗಂಗಿಲ್ಲ.

#ಜೇವರ್ಗಿ #ಆಳಂದ #ಅಫಜಲಪುರ #ಬಿಕಾಂಲೆಕ್ಕ #ಆಯಿಯಟಿವಿ